“ಯಾವ ಜನ್ಮದ ಪಾಪವೋ” ಎನ್ನುವ ಹಾಸಿಗೆ ಹಿಡಿದ ಹಿರಿಯರಿಗೆ ಏನು ಹೇಳಬೇಕು?

ಜಗಲಿಕಟ್ಟೆ
ಎಂಬತ್ತು ದಾಟಿ ಹಾಸಿಗೆ ಹಿಡಿದವರ ಬಾಯಲ್ಲಿ ಬರುವ ಮಾತು ಹೆಚ್ಚುಕಡಿಮೆ ಮೂರೇ. “ಯಾವ ಜನ್ಮದ ಪಾಪವೋ”, “ದೇವರು ಇನ್ನೂ ಯಾಕೆ ಕರೆಸಿಕೊಳ್ಳಲಿಲ್ಲ”, “ಪೂಜೆಗೂ ಬಾರದ ದೇಹ ಇಟ್ಟುಕೊಂಡು ಏನು ಮಾಡಲಿ”. ಮನೆಯವರು ಮೊದಲನೆಯದಕ್ಕೆ ಕರ್ಮ ಅಂತಾರೆ, ಎರಡನೆಯದಕ್ಕೆ “ಹಾಗೆಲ್ಲ ಅನ್ನಬಾರದು” ಅಂತ ಬಾಯಿ ಮುಚ್ಚಿಸ್ತಾರೆ, ಮೂರನೆಯದಕ್ಕೆ ಟಿವಿಯಲ್ಲಿ ಭಕ್ತಿ ಚಾನೆಲ್ ಹಾಕಿ ಎದ್ದುಹೋಗ್ತಾರೆ.

ಈ ಮೂರಕ್ಕೂ ನಮ್ಮ ನಮ್ಮ ಸಂಪ್ರದಾಯದಲ್ಲಿ ನಿಜವಾಗಿ ಏನು ಉತ್ತರ ಇದೆ? ಆಧಾರ, ಕ್ರಮ, ಎಲ್ಲಿ ಎಡವುತ್ತಾರೆ ಅನ್ನೋದನ್ನು ಬರೆಯಿರಿ. “ನಮ್ಮ ಅಜ್ಜಿ ಹೀಗಿದ್ದರು” ಎಂಬ ಕಥೆಗಳಿಗೆ ಬೇರೆ ಎಳೆ ಇದೆ, ಇಲ್ಲಿ ಬೇಡ.

ತುಂಗಾತೀರ
ಮೊದಲನೆಯ ಮಾತಿಗೆ ನೇರ ಉತ್ತರ ಬೃಹದಾರಣ್ಯಕ ಉಪನಿಷತ್ತಿನಲ್ಲಿದೆ, ಐದನೇ ಅಧ್ಯಾಯದ ಹನ್ನೊಂದನೇ ಬ್ರಾಹ್ಮಣ (ಖಂಡ). “ಏತದ್ವೈ ಪರಮಂ ತಪೋ ಯದ್ವ್ಯಾಹಿತಸ್ತಪ್ಯತೇ”. ಕಾಯಿಲೆಯವನು ಬೇಯುತ್ತಾನಲ್ಲ, ಅದೇ ಪರಮ ತಪಸ್ಸು. ಹೀಗೆ ತಿಳಿದವನು ಪರಮ ಲೋಕವನ್ನು ಗೆಲ್ಲುತ್ತಾನೆ. ಮುಂದಿನ ವಾಕ್ಯಗಳು ಇನ್ನೂ ಗಟ್ಟಿ: ಸತ್ತ ಮೇಲೆ ತನ್ನನ್ನು ಅರಣ್ಯಕ್ಕೆ ಒಯ್ಯುವುದೂ ತಪಸ್ಸು, ಬೆಂಕಿಗಿಡುವುದೂ ತಪಸ್ಸು. ಋಷಿ ಕಾಡಿಗೆ ಹೋಗಿ ಮಾಡಿದ್ದನ್ನು ಮಂಚದಲ್ಲಿ ಮಲಗಿದವನಿಗೆ ಶ್ರುತಿ ಅಲ್ಲೇ ಕೊಟ್ಟುಬಿಟ್ಟಿದೆ.

ಶಂಕರರ ಭಾಷ್ಯ ಇದಕ್ಕೆ ಎರಡು ಷರತ್ತು ಹಾಕುತ್ತದೆ. ಆ ನೋವನ್ನು ನಿಂದಿಸದೆ, ವಿಷಾದಪಡದೆ ಚಿಂತಿಸುವವನಿಗೆ ಮಾತ್ರ ಅದು ಕರ್ಮಕ್ಷಯಕ್ಕೆ ಕಾರಣವಾಗುವ ತಪಸ್ಸು. ಅಂದರೆ ನೋವು ತಾನಾಗಿ ಪವಿತ್ರವಲ್ಲ. ಅನುಭವಿಸುವವರು ಅದನ್ನು ಹೀಗೆ ಕಂಡರೆ ಮಾತ್ರ ತಪಸ್ಸು.

ಹೆಚ್ಚಿನವರು ಎಡವುವುದು ಇಲ್ಲಿ. ಈ ಮಾತನ್ನು ಮಂಚದ ಪಕ್ಕ ನಿಂತವರು ಹೇಳಿದರೆ ಅದು ಚಾಟಿ. “ತಪಸ್ಸು ಅಂತ ತಿಳ್ಕೊಳ್ಳಿ ಮಾವಾ” ಅಂದರೆ, “ಕೂಗಬೇಡಿ” ಅಂತಲೇ ಅವರಿಗೆ ಕೇಳಿಸುತ್ತದೆ. ಆ ವಾಕ್ಯ ಓದಿ, ಅರ್ಥ ಹೇಳಿ, ಸುಮ್ಮನಿರಿ. ಹಿಡಿಸಿದರೆ ಅವರೇ ಮರುದಿನ ಕೇಳ್ತಾರೆ.

ನೇರಳೆ_ಮರ
@ತುಂಗಾತೀರ ಹಾಗಾದರೆ ನೋವಿನ ಮಾತ್ರೆ ತಿಂದರೆ ತಪಸ್ಸು ಕೆಡುತ್ತದೆಯೇ? ಮಾತ್ರೆ ಬೇಡ, ಅನುಭವಿಸಿ ತೀರಿಸಿಬಿಡ್ತೀನಿ ಅನ್ನೋ ಹಿರಿಯರು ಬಹಳ ಇದ್ದಾರೆ.

ತುಂಗಾತೀರ
ಕೆಡುವುದಿಲ್ಲ. ಉಪನಿಷತ್ತು ಹೇಳುವುದು ಬಂದ ನೋವಿನ ವಿಷಯ, ತಂದುಕೊಂಡ ನೋವಿನದಲ್ಲ. ತಂದುಕೊಂಡದ್ದರ ಬಗ್ಗೆ ಗೀತೆ 17ನೇ ಅಧ್ಯಾಯದ 19ನೇ ಶ್ಲೋಕದಲ್ಲಿ ತೀರ್ಪು ಕೊಟ್ಟಿದೆ: ಮೂಢ ಹಟದಿಂದ ತನ್ನನ್ನು ತಾನೇ ಪೀಡಿಸಿಕೊಂಡು ಮಾಡುವ ತಪಸ್ಸು ತಾಮಸ. ಮಾತ್ರೆ ನಿರಾಕರಿಸುವವರಿಗೆ ಈ ಶ್ಲೋಕ ತೋರಿಸಿ. ಡಾಕ್ಟರ ಮಾತಿಗಿಂತ ಬೇಗ ನಾಟುತ್ತದೆ. ಇನ್ನೊಂದು ಪ್ರಯೋಜನದ ಮಾತೂ ಇದೆ. ನೋವು ಮಿತಿಮೀರಿದಾಗ ಮನಸ್ಸಿಗೆ ನೋವು ಬಿಟ್ಟು ಇನ್ನೇನೂ ಕಾಣುವುದಿಲ್ಲ. ನಿಂದಿಸದೆ, ವಿಷಾದಪಡದೆ ಇರಬೇಕು ಎಂಬ ಷರತ್ತು ನಡೆಯಬೇಕಾದರೆ ನೋವು ಒಂದು ಹದಕ್ಕೆ ಇಳಿಯಲೇಬೇಕು.

ಪಂಚಾಂಗ_ಕಟ್ಟು
ಮೂರನೆಯ ಮಾತು, “ಪೂಜೆಗೂ ಬಾರದ ದೇಹ”. ಇದು ತಪ್ಪು ತಿಳಿವಳಿಕೆ. ಧರ್ಮಶಾಸ್ತ್ರ ಅಶಕ್ತರಿಗೆಂದೇ ವಿಧಿಯನ್ನು ಕತ್ತರಿಸಿ ಕೊಟ್ಟಿದೆ, ನಾವು ಅದನ್ನು ಹೇಳಿಕೊಡುವುದಿಲ್ಲ ಅಷ್ಟೆ.

ಸ್ನಾನ: ನೀರಲ್ಲಿ ಮುಳುಗುವುದು ವಾರುಣ ಸ್ನಾನ, ಅದು ಏಳರಲ್ಲಿ ಒಂದು ಮಾತ್ರ. “ಆಪೋ ಹಿ ಷ್ಠಾ” ಮಂತ್ರದಿಂದ ಪ್ರೋಕ್ಷಿಸಿಕೊಂಡರೆ ಮಾಂತ್ರ, ಭಸ್ಮ ಧರಿಸಿದರೆ ಆಗ್ನೇಯ, ವಿಷ್ಣುವನ್ನು ನೆನೆದರೆ ಮಾನಸ. ಒದ್ದೆ ಬಟ್ಟೆಯಲ್ಲಿ ಮೈ ಒರೆಸುವುದಕ್ಕೂ ಕಾಪಿಲ ಸ್ನಾನ ಎಂಬ ಹೆಸರಿದೆ. ನರ್ಸ್ ಬೆಳಿಗ್ಗೆ ಮಾಡುವ ಕೆಲಸ ಅದೇ. “ಒರೆಸಿದ್ದಾಯ್ತು” ಅನ್ನುವ ಬದಲು “ಸ್ನಾನ ಆಯ್ತು” ಅನ್ನಿ. ಸುಳ್ಳಲ್ಲ ಅದು.

ಏಕಾದಶಿ: ಉಪವಾಸದ ಕಡ್ಡಾಯ ಎಂಟು ವರ್ಷ ದಾಟಿದವರಿಂದ ಎಂಬತ್ತು ತುಂಬದವರಿಗೆ. ಎಂಬತ್ತಾದ ಮೇಲೆ ಬಿಟ್ಟರೆ ದೋಷವಿಲ್ಲ. ಎಂಬತ್ತರೊಳಗಿನ ರೋಗಿಗಳಿಗೂ ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣರ ಇಚ್ಛೆ, ಗುರುವಚನ, ಔಷಧ ಈ ಎಂಟರಿಂದ ವ್ರತ ಮುರಿಯುವುದಿಲ್ಲ. ಎಂಟನೆಯದನ್ನು ಗಮನಿಸಿ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಊಟ ಬಿಡುವುದು ಅಪಾಯ: ಸಕ್ಕರೆ ದಿಢೀರ್ ಕುಸಿಯುತ್ತದೆ, ವಯಸ್ಸಾದವರಲ್ಲಿ ಬೆವರು ನಡುಕ ಕಾಣಿಸುವ ಮುಂಚೆ ಗಲಿಬಿಲಿಯೇ ಕಾಣಿಸಬಹುದು.

ಜಪ: ಗಾಯತ್ರಿ 108 ಆಗದಿದ್ದರೆ 28, ಅದೂ ಆಗದಿದ್ದರೆ 10.

ಪೂಜೆ: ಮಾನಸ ಪೂಜೆಯ ಐದು ಉಪಚಾರ ಒಂದು ಕೈಯಲ್ಲಿ ಮುಗಿಯುತ್ತದೆ. ಕಿರುಬೆರಳು ಮುಟ್ಟಿ “ಲಂ ಪೃಥಿವ್ಯಾತ್ಮನೇ ಗಂಧಂ”, ಹೆಬ್ಬೆರಳಿಗೆ “ಹಂ ಆಕಾಶಾತ್ಮನೇ ಪುಷ್ಪಂ”, ತೋರುಬೆರಳಿಗೆ “ಯಂ ವಾಯ್ವಾತ್ಮನೇ ಧೂಪಂ”, ಮಧ್ಯದ ಬೆರಳಿಗೆ “ರಂ ಅಗ್ನ್ಯಾತ್ಮನೇ ದೀಪಂ”, ಉಂಗುರ ಬೆರಳಿಗೆ “ವಂ ಅಮೃತಾತ್ಮನೇ ನೈವೇದ್ಯಂ”, ಕೊನೆಗೆ “ಸಮರ್ಪಯಾಮಿ”. ಲಕ್ವ ಹೊಡೆದ ಕೈಯಾದರೆ ಪಕ್ಕದಲ್ಲಿ ಕೂತವರು ಒಂದೊಂದೇ ಬೆರಳು ಹಿಡಿದು ಹೇಳಿಸಬಹುದು. ಎರಡು ನಿಮಿಷ ಸಾಕು. ಅವಸರ ಬೇಡ, ಉದ್ದವೂ ಬೇಡ.

ವಾರ್ಡ್_ಅಕ್ಕ
ಮೇಲಿನದೆಲ್ಲ ಸರಿ. ಆದರೆ ಭಕ್ತಿಯಿಂದ ಮಾಡುವ ಕೆಲಸದಲ್ಲೇ ಅಪಾಯ ಆಗುವ ಜಾಗಗಳಿವೆ.

ತೀರ್ಥ. ತಲೆ ಹಿಂದಕ್ಕೆ ಎತ್ತಿ ಬಾಯಿಗೆ ಬಿಡುವುದು ಎಲ್ಲಕ್ಕಿಂತ ಕೆಟ್ಟ ಭಂಗಿ. ಗಂಟಲು ನೇರ ಶ್ವಾಸನಾಳಕ್ಕೆ ತೆರೆದುಕೊಳ್ಳುತ್ತದೆ. ಪಾರ್ಶ್ವವಾಯು, ಪಾರ್ಕಿನ್‌ಸನ್ಸ್, ಮರೆವಿನ ಕಾಯಿಲೆ ಇದ್ದವರಿಗೆ ಎಲ್ಲಕ್ಕಿಂತ ಕಷ್ಟದ ವಸ್ತು ತೆಳು ನೀರೇ. ಬೆನ್ನಿಗೆ ದಿಂಬು ಕೊಟ್ಟು ಆದಷ್ಟು ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಎದೆಯ ಕಡೆ ಬಾಗಲಿ, ಅರ್ಧ ಟೀ ಚಮಚ ಕೊಟ್ಟು ನುಂಗಿದ್ದು ಕಂಡ ಮೇಲೆ ಇನ್ನರ್ಧ. ಆಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಕೆಮ್ಮು ಬಂದರೆ, ದನಿ ಗೊರಗೊರ ಆದರೆ ಅಲ್ಲಿಗೆ ನಿಲ್ಲಿಸಿ. ಪ್ರಜ್ಞೆ ಮಂಕಾಗಿದ್ದರೆ ಬಾಯಿಗೆ ಬೇಡವೇ ಬೇಡ. ಹತ್ತಿಯಲ್ಲಿ ಅದ್ದಿ ತುಟಿಗೆ, ಕಣ್ಣಿಗೆ ಒತ್ತಿ.

ಪ್ರಸಾದ. ಪಂಚಕಜ್ಜಾಯ, ಪುಟಾಣಿ, ಮಂಡಕ್ಕಿ, ಕಲ್ಲುಸಕ್ಕರೆ ಇವು ಉಸಿರಿಗೆ ಸಿಕ್ಕಿಕೊಳ್ಳುವ ವಸ್ತುಗಳು. ಬಾಳೆಹಣ್ಣು ನುಣ್ಣಗೆ ಕಿವುಚಿ ಕಡಲೆಬೇಳೆಯಷ್ಟು ನಾಲಿಗೆ ಮೇಲಿಡಿ.

ದೀಪ. ಮನೆಯಲ್ಲಿ ಆಮ್ಲಜನಕದ ಸಿಲಿಂಡರ್ ಅಥವಾ ಕಾನ್ಸಂಟ್ರೇಟರ್ ಇದ್ದರೆ ಆ ಕೋಣೆಯಲ್ಲಿ ದೀಪ, ಕರ್ಪೂರ, ಊದುಬತ್ತಿ ಯಾವುದೂ ಬೇಡ. ಆರತಿ ತಟ್ಟೆಯನ್ನು ಮುಖದ ಹತ್ತಿರ ತರುವ ಅಭ್ಯಾಸ ನಮಗಿದೆ. ಆಮ್ಲಜನಕ ಬಟ್ಟೆ ಹಾಸಿಗೆಯಲ್ಲಿ ಹಿಡಿದು ನಿಂತಿರುತ್ತದೆ, ಯಂತ್ರ ಆರಿಸಿದ ಕೂಡಲೇ ಹೋಗುವುದಿಲ್ಲ. ಬೇರೆ ಕೋಣೆಯಲ್ಲಿ ಆರತಿ ಮಾಡಿ, ಕೈ ಬೆಚ್ಚಗೆ ಮಾಡಿಕೊಂಡು ಬಂದು ಅವರ ಕಣ್ಣಿಗೆ ಒತ್ತಿ. ಮಂಚದ ಪಕ್ಕಕ್ಕೆ ಬ್ಯಾಟರಿ ದೀಪ.

ಹೊತ್ತು. ನೋವಿನ ಮಾತ್ರೆ ಕೊಟ್ಟು ಮುಕ್ಕಾಲು ಗಂಟೆಯ ನಂತರ ಪೂಜೆ ಇಟ್ಟುಕೊಳ್ಳಿ. ಬ್ರಾಹ್ಮೀ ಮುಹೂರ್ತವೇ ಆಗಬೇಕು ಅಂತ ನಾಲ್ಕೂವರೆಗೆ ಎಬ್ಬಿಸಿದರೆ ದಿನವಿಡೀ ತೂಕಡಿಸಿ ರಾತ್ರಿ ಗಲಾಟೆ.

ಇನ್ನೊಂದು ಇದೆ, ಯಾರೂ ಬಾಯಿಬಿಟ್ಟು ಹೇಳದ್ದು. ಹಿರಿಯರು ದೇವರ ಹೆಸರು ಬಿಡುವುದು ಶ್ರದ್ಧೆ ಹೋಗಿ ಅಲ್ಲ, ಮೈಲಿಗೆಯ ಭಯದಿಂದ. ಡೈಪರ್ ಕಟ್ಟಿಕೊಂಡು, ಮೂತ್ರದ ನಳಿಗೆ ಹಾಕಿಕೊಂಡು ಹೇಗೆ ಮಂತ್ರ ಹೇಳಲಿ ಅಂತ ನಾಚಿಕೆ. ಕೇಳುವುದಿಲ್ಲ, ಸುಮ್ಮನಾಗಿಬಿಡುತ್ತಾರೆ. ಪೂಜೆಗೆ ಮುಂಚೆ ಡೈಪರ್ ಬದಲಿಸಿ, ಮೂತ್ರದ ಚೀಲ ಖಾಲಿ ಮಾಡಿ ಮಂಚದ ಕೆಳಗೆ ಕಾಣದಂತೆ ತೂಗುಹಾಕಿ (ಚೀಲ ಸೊಂಟಕ್ಕಿಂತ ಕೆಳಗೇ ಇರಬೇಕು), ಮಡಿಯ ಬಿಳಿ ಪಂಚೆಯೊಂದನ್ನು ಮೇಲೆ ಹೊದಿಸಿ. ಮುಖದ ಕಳೆ ಬದಲಾಗುತ್ತದೆ.

ಘಟಪ್ರಭಾ
ಅಕ್ಕಾರ ಮಾತು ಖರೇ ಅದ. ಇಷ್ಟಲಿಂಗ ಕಟ್ಟಿಕೊಂಡವರಿಗೆ ಈ ಮೈಲಿಗಿ ಅಂಜಿಕಿ ಇರಬಾರದು, ಆದರೂ ಇರತದ. ಶರಣರು ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಈ ಐದೂ ಸೂತಕ ತೆಗೆದು ಒಗದಾರ. ಲಿಂಗ ಮೈ ಮ್ಯಾಲೆ ಇದ್ದಾಗ ಮೈ ಹೊಲಸು ಅನ್ನೂದು ಹ್ಯಾಂಗ?

ಮಂಚದ ಮ್ಯಾಲೆ ಲಿಂಗಪೂಜಿ ಮಾಡೂ ಕ್ರಮ: ಎಡಗೈ ಮೊಣಕೈ ಕೆಳಗ ಗಟ್ಟಿ ದಿಂಬು ಕೊಡ್ರಿ, ಕೈ ನಡುಗೂದು ಅರ್ಧ ಕಡಿಮಿ ಆಗತದ. ಶಿವದಾರ ಕೊರಳಾಗ ಇರಲಿ, ಬಿಚ್ಚಬ್ಯಾಡ್ರಿ, ಲಿಂಗ ಜಾರಿ ಬಿದ್ರ “ಅಪಶಕುನ” ಅಂತ ಹಿರಿಯರು ತಿಂಗಳಾನುಗಟ್ಟಲೆ ಕೊರಗತಾರ. ವಿಭೂತಿ ಪುಡಿ ಊದಬ್ಯಾಡ್ರಿ, ದಮ್ಮು ಇದ್ದವರಿಗೆ ಕೆಮ್ಮು; ಬೆರಳಿಗೆ ತುಸು ನೀರು ಹಚ್ಚಿ ಗಟ್ಟಿ ಮ್ಯಾಲೆ ತಿಕ್ಕಿ ಹಣಿಗೆ ಎಳೀರಿ. ಕಣ್ಣಿಗೆ ಪೊರೆ ಬಂದು ಲಿಂಗ ಕಾಣಲಿಲ್ಲ ಅಂದ್ರ ಅಂಗೈಯಾಗಿನ ಭಾರದ ಮ್ಯಾಲೆ ಲಕ್ಷ್ಯ ಇಡಿಸ್ರಿ.

ಒಂದು ತಕರಾರು ಮಾತ್ರ ನಂದು. ಬಸವಣ್ಣನವರ ವಚನದಾಗ “ಅನ್ಯರಿಗೆ ಹಂಗಾಗದ ಮುನ್ನ” ಪೂಜಿಸು ಅಂತ ಬರತದಲ್ಲ, ಅದನ್ನ ಮುದುಕರ ಮುಂದ ಹಾಡತಾರ. ಅದು ಹರೇದವರಿಗೆ ಹೇಳಿದ ಎಚ್ಚರಿಕಿ! ಹಾಸಿಗಿ ಮ್ಯಾಲಿದ್ದವರಿಗೆ ಕೇಳಸೂದು “ನಿನ್ನ ವ್ಯಾಳೆ ಮುಗೀತು” ಅಂತ. ಅವರಿಗೆ “ದೇಹವೇ ದೇಗುಲ” ಹಾಡ್ರಿ. ಕಾಲು ಕಂಬ ಅಂತದ ಆ ವಚನ. ಸೊಟ್ಟ ಆದ ಕಂಬಾನೂ ಕಂಬನ.

ಆದರ ಆ ಮೊದಲನೇ ವಚನದಾಗ ಒಂದು ಶಬ್ದ ಹಿಡೀರಿ: ಹಂಗು. ಮುಪ್ಪಿನ್ಯಾಗ ಸುಡೂದು ಕೀಲುನೋವಲ್ಲ, ಹಂಗು. ನೀರು ಕೇಳಬೇಕು, ಉಚ್ಚಿಗೆ ಕರೀಬೇಕು. ಅದಕ್ಕ ಔಷಧ ಅಂದ್ರ ಅವರ ಕಡೆಯಿಂದಲೂ ಏನರ ಕೊಡಿಸೂದು. ದಾಸೋಹದ ಅಕ್ಕಿ ಒಂದು ಮುಷ್ಟಿ ದಿನಾ ಅವರ ಕೈಲೆ ಡಬ್ಬಿಗೆ ಹಾಕಸ್ರಿ, ತಿಂಗಳಿಗೊಮ್ಮೆ ಮಠಕ್ಕ ಮುಟ್ಟಲಿ.

ಸತ್ಯವೇ_ಲೇಸು
ಎಲ್ಲರೂ ಕರ್ಮದ ಮಾತನ್ನು ಜಾರಿಸುತ್ತಿದ್ದೀರಿ. ದುಃಖ ಪ್ರಾರಬ್ಧ ಎಂದು ಶಾಸ್ತ್ರವೇ ಹೇಳುವಾಗ ಹಿರಿಯರಿಗೆ ಮುಚ್ಚಿಡುವುದು ಯಾಕೆ?

ತುಂಗಾತೀರ
ಮುಚ್ಚಿಡಬೇಕಾಗಿಲ್ಲ, ಪೂರ್ತಿ ಹೇಳಿ ಅಷ್ಟೆ. ಅರ್ಧ ಹೇಳುವುದೇ ತೊಂದರೆ. ಸಂಚಿತ ಅಂದರೆ ಕೂಡಿಟ್ಟ ರಾಶಿ, ಆಗಾಮಿ ಮುಂದೆ ಸೇರುವುದು, ಪ್ರಾರಬ್ಧ ಬಿಟ್ಟ ಬಾಣ. ಬಿಟ್ಟ ಬಾಣ ವೇಗ ತೀರುವವರೆಗೆ ಹೋಗುತ್ತದೆ, ಜ್ಞಾನಿಗೂ ಬಿಡುವುದಿಲ್ಲ. ಆದ್ದರಿಂದ ಕಾಯಿಲೆ ಬಂತೆಂದರೆ ಪಾಪಿ ಎಂದು ತೀರ್ಮಾನಿಸಲು ಶಾಸ್ತ್ರದಲ್ಲಿ ಜಾಗವೇ ಇಲ್ಲ. ಯಾವ ನೋವಿಗೆ ಯಾವ ಕರ್ಮ ಎಂದು ಓದಲು ನಮಗೆ ಬರುವುದೂ ಇಲ್ಲ. “ಗಹನಾ ಕರ್ಮಣೋ ಗತಿಃ” ಎಂದು ಗೀತೆಯ ನಾಲ್ಕನೇ ಅಧ್ಯಾಯ. ಸಾಲ ತೀರುತ್ತಿದೆ ಎಂದು ತನಗೆ ತಾನು ಹೇಳಿಕೊಳ್ಳಲು ಕರ್ಮಸಿದ್ಧಾಂತ ಒಳ್ಳೆಯ ಊರುಗೋಲು. ಇನ್ನೊಬ್ಬರ ತಲೆಗೆ ಹೊಡೆಯಲು ಅದನ್ನೇ ಎತ್ತಿಕೊಂಡರೆ ದೊಣ್ಣೆ.

ಚಿಕ್ಕಬೆಟ್ಟ
ಎರಡನೆಯ ಮಾತಿಗೆ ಬರೋಣ, “ಇನ್ನೂ ಯಾಕೆ ಕರೆಸಿಕೊಳ್ಳಲಿಲ್ಲ”. ಜೈನರಲ್ಲಿ ಇದಕ್ಕೆ ಹೆಸರೇ ಇದೆ: ಮರಣಾಶಂಸೆ. ತತ್ತ್ವಾರ್ಥಸೂತ್ರದ ಏಳನೇ ಅಧ್ಯಾಯ ಸಲ್ಲೇಖನದ (ಆಹಾರವನ್ನು ಕ್ರಮವಾಗಿ ಬಿಡುತ್ತ ದೇಹ ತ್ಯಜಿಸುವ ವ್ರತ) ಐದು ಅತಿಚಾರಗಳನ್ನು, ಅಂದರೆ ದೋಷಗಳನ್ನು, ಎಣಿಸುತ್ತದೆ: ಜೀವಿತಾಶಂಸೆ, ಮರಣಾಶಂಸೆ, ಮಿತ್ರಾನುರಾಗ, ಸುಖಾನುಬಂಧ, ನಿದಾನ. ಬದುಕಬೇಕೆಂಬ ಹಂಬಲ, ಬೇಗ ಸಾಯಬೇಕೆಂಬ ಹಂಬಲ, ಬಂಧುಮಿತ್ರರ ಸೆಳೆತ, ಹಳೆಯ ಸುಖಗಳ ನೆನಪಿಗೆ ಜೋತುಬೀಳುವುದು, ಇಷ್ಟಕ್ಕೆ ಪ್ರತಿಫಲವಾಗಿ ಮುಂದೆ ಇಂಥದು ಸಿಗಲಿ ಎಂಬ ಬೇಡಿಕೆ. ಮೊದಲೆರಡು ಒಟ್ಟಿಗೇ ದೋಷ, ಗಮನಿಸಿ. ಶ್ರವಣಬೆಳಗೊಳದ ಬಗ್ಗೆ ಇಲ್ಲಿ ತಪ್ಪು ಕಲ್ಪನೆ ಬಹಳ. ರಾಷ್ಟ್ರಕೂಟರ ಇಂದ್ರ 982ರಲ್ಲಿ ಅಲ್ಲಿ ಸಲ್ಲೇಖನದಿಂದ ದೇಹ ಬಿಟ್ಟ, ಶಾಂತಲೆಯ ತಾಯಿ ಮಾಚಿಕಬ್ಬೆಯೂ ಹಾಗೇ, ಅದು ಶಾಸನಗಳಲ್ಲಿದೆ. ಆದರೆ ಜೈನ ಆಚಾರ್ಯ ಸಮಂತಭದ್ರರು ಮುಪ್ಪು, ರೋಗಗಳನ್ನು ಹೆಸರಿಸುವಾಗ “ಪರಿಹಾರವೇ ಇಲ್ಲದಂಥ” ಎಂಬ ಮಾತು ಸೇರಿಸಿದ್ದಾರೆ, “ಧರ್ಮಕ್ಕಾಗಿ” ಎಂದೂ ಹೇಳಿದ್ದಾರೆ. ನೋವು ತಾಳಲಾರದೆ, ಮನೆಯವರಿಗೆ ಭಾರವಾದೆ ಎಂದು ಹೊರಡುವವರಿಗೆ ಅದು ಬಾಗಿಲಲ್ಲ. ಗುರುವಿನ ಒಪ್ಪಿಗೆ ಇಲ್ಲದೆ ವ್ರತವೇ ಆಗದು, ಕೇಳಿದವರಿಗೆಲ್ಲ ಗುರು ಒಪ್ಪುವುದೂ ಇಲ್ಲ. (ರಾಜಸ್ಥಾನ ಹೈಕೋರ್ಟ್ 2015ರ ಆಗಸ್ಟಿನಲ್ಲಿ ಅದನ್ನು ಆತ್ಮಹತ್ಯೆ ಎಂದಿತು, ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಆ ವಾದ ಇಲ್ಲಿ ಬೇಡ.)

ಗೃಹಸ್ಥ ಹಿರಿಯರಿಗೆ ದಿನದ ಅಭ್ಯಾಸವಾಗಿ ಉಳಿಯುವುದು ಕಷಾಯ ಸಲ್ಲೇಖನ. ಕ್ರೋಧ, ಮಾನ, ಮಾಯೆ, ಲೋಭ ಇವನ್ನು ತೆಳುವಾಗಿಸುವುದು. ಅದರ ಕೆಲಸ ಕ್ಷಮಾಪಣೆಯಿಂದ ಶುರು. ಯಾರ ಜೊತೆ ಮಾತು ಬಿಟ್ಟಿದ್ದಾರೋ ಅವರ ಪಟ್ಟಿ ಮಾಡಿಸಿ, ವಾರಕ್ಕೊಬ್ಬರಿಗೆ ಫೋನು ಹಚ್ಚಿ. ದನಿ ಗಟ್ಟಿ ಇರುವಾಗಲೇ ಮಾಡಬೇಕು. ಆಸ್ತಿ ಭಾಗದ ವಿಷಯವನ್ನು ಆ ಫೋನಿನಲ್ಲಿ ಎತ್ತಬಾರದು, ಎತ್ತಿದರೆ ಕ್ಷಮೆ ಹೋಗಿ ಪಂಚಾಯ್ತಿ ಆಗುತ್ತದೆ.

ಪಂಚಾಂಗ_ಕಟ್ಟು
ಮನುಸ್ಮೃತಿಯ ಆರನೇ ಅಧ್ಯಾಯದಲ್ಲೂ ಇದೇ: ಮರಣವನ್ನೂ ಅಭಿನಂದಿಸಬೇಡ, ಜೀವಿತವನ್ನೂ ಅಭಿನಂದಿಸಬೇಡ, ಆಳು ಯಜಮಾನನ ಅಪ್ಪಣೆಗೆ ಕಾಯುವಂತೆ ಕಾಲಕ್ಕೆ ಕಾಯಿ. ಹಾಗಂತ ಆಸೆಯನ್ನು ಬಾಯಿಬಿಡಬಾರದು ಅಂತಲ್ಲ. “ಅನಾಯಾಸೇನ ಮರಣಂ ವಿನಾ ದೈನ್ಯೇನ ಜೀವನಂ” ಅಂತ ಶಂಭುವನ್ನೇ ಕೇಳುವ ಶ್ಲೋಕ ಇದೆಯಲ್ಲ. ಸಾವು ಬೇಗ ಬರಲಿ ಅನ್ನುವುದಿಲ್ಲ ಅದು, ಬರುವಾಗ ಸುಲಭವಾಗಿ ಬರಲಿ ಅನ್ನುತ್ತದೆ. “ಬೇಗ ಕರ್ಕೋ” ಅನ್ನುವವರ ಬಾಯಿಗೆ ಈ ಶ್ಲೋಕ ಕೊಡಿ.

ಬಂದರು_ರಸ್ತೆ
ನಮ್ಮ ಇಸ್ಲಾಮಿನಲ್ಲೂ ಅದೇ ಅಳತೆ. ಸಾವು ಬೇಡಬಾರದು, ಬೇಡಲೇಬೇಕಾದರೆ “ಬದುಕು ನನಗೆ ಒಳಿತಾಗಿರುವವರೆಗೆ ಬದುಕಿಸು, ಸಾವು ಒಳಿತಾದಾಗ ಮರಣ ಕೊಡು” ಎಂದು ದುಆ ಮಾಡಬೇಕೆಂದು ಹದೀಸ್‌ನಲ್ಲಿದೆ. ಮುಳ್ಳು ಚುಚ್ಚಿದರೂ ಅದರಿಂದ ಪಾಪ ಕಳೆಯುತ್ತದೆ ಎಂಬುದೂ ಇದೆ. ಜೊತೆಗೆ, ತೀರಾ ನಿಕೃಷ್ಟವಾದ ಮುಪ್ಪಿಗೆ ತಳ್ಳಬೇಡ ಎಂದು ಪ್ರವಾದಿಯವರೇ ರಕ್ಷಣೆ ಬೇಡಿದ್ದಾರೆ. ಹಾಗಾಗಿ ಮುಪ್ಪು ಕಷ್ಟ ಅನ್ನುವುದು ಈಮಾನಿನ (ನಂಬಿಕೆಯ) ಕೊರತೆಯಲ್ಲ.

ನಮಾಜ್: ನಿಂತು, ಆಗದಿದ್ದರೆ ಕೂತು, ಆಗದಿದ್ದರೆ ಮಗ್ಗುಲಲ್ಲಿ ಮಲಗಿ, ತಲೆಯ ಸನ್ನೆಯಿಂದ. ಸುಜೂದಿನ (ಹಣೆ ನೆಲಕ್ಕಿಡುವ) ಸನ್ನೆ ರುಕೂವಿನ (ಬಾಗುವ) ಸನ್ನೆಗಿಂತ ಸ್ವಲ್ಪ ಹೆಚ್ಚು ತಗ್ಗಲಿ. ನೀರು ತಾಗಿದರೆ ಹಾನಿ ಎಂದಾದರೆ ತಯಮ್ಮುಮ್, ಅಂದರೆ ಶುದ್ಧ ಮಣ್ಣಿನಿಂದ ಮಾಡುವ ಶುದ್ಧಿ. ಮೂತ್ರ ಸೋರುವವರು ಹನಫಿ ಪಂಥದವರಾದರೆ ಪ್ರತಿ ನಮಾಜಿನ ಹೊತ್ತಿಗೆ ಒಂದು ವುಜೂ (ನೀರಿನಿಂದ ಅಂಗಶುದ್ಧಿ), ಶಾಫಿ ಪಂಥದವರಾದರೆ ಪ್ರತಿ ಫರ್ಜ್‌ಗೆ (ಕಡ್ಡಾಯ ನಮಾಜಿಗೆ) ಒಂದು. ಕರಾವಳಿಯ ಬ್ಯಾರಿ, ನವಾಯತರು ಹೆಚ್ಚಾಗಿ ಶಾಫಿ, ಘಟ್ಟದ ಮೇಲಿನವರು ಹೆಚ್ಚಾಗಿ ಹನಫಿ. ಆರೈಕೆಗೆ ಬಂದವರು ತಮ್ಮ ಮದ್‌ಹಬ್ (ಪಂಥದ ನಿಯಮ) ಹೇರಿ ಗೊಂದಲ ಮಾಡುವುದುಂಟು. ಉಪವಾಸ ಇನ್ನೆಂದೂ ಆಗದವರಿಗೆ ಫಿದಿಯಾ, ಬಿಟ್ಟ ದಿನಕ್ಕೊಬ್ಬ ಬಡವರಿಗೆ ಊಟ.

ಜಪಸರ
ಕಥೋಲಿಕರ ಕಡೆಯಿಂದ ಚುಟುಕಾಗಿ. ತನ್ನ ನೋವನ್ನು ಕ್ರಿಸ್ತನ ನೋವಿನೊಡನೆ ಸೇರಿಸಿ ಇನ್ನೊಬ್ಬರಿಗಾಗಿ ಅರ್ಪಿಸುವುದು, ಕೊಲೊಸ್ಸೆಯವರಿಗೆ ಬರೆದ ಪತ್ರದ 1:24. ಹೆಸರಿಟ್ಟು ಅರ್ಪಿಸಬೇಕು: ಇಂದಿನ ಬೆನ್ನುನೋವು ಮೊಮ್ಮಗಳ ಪರೀಕ್ಷೆಗೆ, ನಾಳೆಯದು ಪಕ್ಕದ ಮನೆಯವರಿಗೆ. ಘಟಪ್ರಭಾದವರು ಹೇಳಿದ ಹಂಗಿನ ಪ್ರಶ್ನೆಗೆ ಇದೂ ಉತ್ತರವೇ. ನೋವು ಶಮನಗೊಳಿಸುವ ಔಷಧಕ್ಕೆ ಹನ್ನೆರಡನೇ ಪಿಯುಸ್ 1957ರಲ್ಲೇ ಒಪ್ಪಿಗೆ ಕೊಟ್ಟಿದ್ದಾರೆ.

ರೋಗಿಗಳ ಅಭ್ಯಂಗ ಕೊನೆಯುಸಿರಿನ ಸಂಸ್ಕಾರ ಅಲ್ಲ. ಹಣೆಗೆ, ಅಂಗೈಗೆ ಎಣ್ಣೆ ಹಚ್ಚುವ ಈ ಸಂಸ್ಕಾರವನ್ನು ವಯಸ್ಸಿನ ನಿಶ್ಶಕ್ತಿಗೂ ಕೊಡಬಹುದು, ಕಾಯಿಲೆ ಬಿಗಡಾಯಿಸಿದರೆ ಮತ್ತೆ ಪಡೆಯಬಹುದು. ಗುರುಗಳನ್ನು ಕರೆದರೆ ಹೆದರುತ್ತಾರೆ ಅಂತ ಮನೆಯವರು ತಡ ಮಾಡಿ, ಪ್ರಜ್ಞೆ ತಪ್ಪಿದ ಮೇಲೆ ಓಡುತ್ತಾರೆ. ಆಗ ಪಾಪನಿವೇದನೆ ಆಗುವುದಿಲ್ಲ. ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸ ವೃದ್ಧರಿಗೂ ಇಲ್ಲ, ಅವರ ಆರೈಕೆಯವರಿಗೂ ಇಲ್ಲ. ಒಣ ರೊಟ್ಟಿ ಅಂಗುಳಿಗೆ ಅಂಟಿಕೊಳ್ಳುತ್ತದೆ, ಚೂರೇ ಚೂರು ಸಾಕು.

ನೇರಳೆ_ಮರ
ಇದೆಲ್ಲ ಬುದ್ಧಿ ಸ್ಥಿಮಿತ ಇರುವವರಿಗೆ. ಮರೆವಿನ ಕಾಯಿಲೆಯವರಿಗೆ? ದೇವರ ಹೆಸರೇ ಮರೆತವರಿಗೆ ಯಾವ ಅರ್ಥ?

ಕಲ್ಯಾಣಿ_ಮೆಟ್ಟಿಲು
ಮೇಲುಕೋಟೆಯ ಕಡೆಯ ಶ್ರೀವೈಷ್ಣವರು ಇದಕ್ಕೆ ಹಿಡಿಯುವುದು ವರಾಹ ಚರಮಶ್ಲೋಕ, ವರಾಹರೂಪಿ ವಿಷ್ಣು ಕೊಟ್ಟ ಮಾತು. ಮನಸ್ಸು, ದೇಹ ಸ್ವಸ್ಥವಿದ್ದಾಗ ನನ್ನನ್ನು ನೆನೆದವನು ಕೊನೆಗೆ ಕಟ್ಟಿಗೆಯಂತೆ ಕಲ್ಲಿನಂತೆ ಬಿದ್ದಿರುವಾಗ “ಅಹಂ ಸ್ಮರಾಮಿ ಮದ್ಭಕ್ತಂ”, ನಾನು ಅವನನ್ನು ನೆನೆಯುತ್ತೇನೆ, ಪರಮಗತಿಗೆ ಒಯ್ಯುತ್ತೇನೆ. ನೆನೆಯುವ ಕೆಲಸ ಅಲ್ಲಿಂದ ಮುಂದೆ ದೇವರದು. ಗೀತೆಯ ಎಂಟನೇ ಅಧ್ಯಾಯದ “ಕೊನೆಯಲ್ಲಿ ಏನು ನೆನೆಯುತ್ತಾನೋ ಅದನ್ನೇ ಹೊಂದುತ್ತಾನೆ” ಓದಿ ಕಂಗಾಲಾದ ಮನೆಯವರಿಗೆ ಇದನ್ನು ಓದಿಸಬೇಕು.

ದಿನದಲ್ಲಿ ಮಾಡುವುದು: ಪರೀಕ್ಷೆ ಇಡಬೇಡಿ (“ಇದು ಯಾವ ದೇವರು ಹೇಳಿ ನೋಡೋಣ?”). ನೆನಪು ಕಳಚುವುದು ಹೊಸದರಿಂದ ಹಳೆಯದರ ಕಡೆಗೆ, ಆದ್ದರಿಂದ ಇತ್ತೀಚೆಗೆ ಕಲಿತ ಸ್ತೋತ್ರ ಬಿಟ್ಟು ಚಿಕ್ಕಂದಿನಲ್ಲಿ ಬಾಯಿಗೆ ಬಂದದ್ದು ಎತ್ತಿಕೊಳ್ಳಿ. ನೀವು ಮೊದಲ ಸಾಲು ಹಾಡಿ ಎರಡನೆಯದರ ಬಾಗಿಲಲ್ಲಿ ನಿಲ್ಲಿ. ರಾಗವೇ ಎಳೆದುಕೊಂಡು ಹೋಗುತ್ತದೆ. ಸಂಜೆ ಗಲಿಬಿಲಿ ಹೆಚ್ಚುವ ಹೊತ್ತು. ದೀಪದ ನೆರಳು ಗೋಡೆಯ ಮೇಲೆ ಆಡಿದರೆ ಯಾರೋ ಬಂದರೆಂದು ಹೆದರುತ್ತಾರೆ. ಮೊದಲು ಟ್ಯೂಬ್‌ಲೈಟ್ ಹಾಕಿ, ಆಮೇಲೆ ದೀಪ.

ವಾರ್ಡ್_ಅಕ್ಕ
ಕೊನೆಯ ದಿನಗಳ ಬಗ್ಗೆ ಸೇರಿಸುತ್ತೇನೆ. “ಶರಣರ ಗುಣವನ್ನು ಮರಣದಲ್ಲಿ ನೋಡು” ಅಂತ ಗಾದೆ ಇದೆಯಲ್ಲ, ಅದು ಮಾಡಿರುವ ಅನಾಹುತ ಅಷ್ಟಿಷ್ಟಲ್ಲ. ಜೀವನವಿಡೀ ಜಪ ಮಾಡಿದವರು ಕೊನೆಗೆ ಕೆಟ್ಟ ಕೆಟ್ಟದಾಗಿ ಬೈಯುತ್ತಾರೆ, ಬಟ್ಟೆ ಕಿತ್ತು ಹಾಕುತ್ತಾರೆ. ಮನೆಯವರು ಗತಿ ಕೆಟ್ಟಿತು ಅಂತ ಅಳುತ್ತಾರೆ. ಇದು ಸನ್ನಿ, ದೇಹದ ತೊಂದರೆಯಿಂದ ಬುದ್ಧಿ ದಿಢೀರ್ ಗಲಿಬಿಲಿಯಾಗುವುದು. ಮೂತ್ರದ ಸೋಂಕು, ಮೂರ್ನಾಲ್ಕು ದಿನದ ಮಲಬದ್ಧತೆ, ಕಟ್ಟಿಕೊಂಡ ಮೂತ್ರ, ರಕ್ತದಲ್ಲಿ ಸೋಡಿಯಂ ಇಳಿದದ್ದು, ಹೊಸ ಮಾತ್ರೆ, ಇವಿಷ್ಟನ್ನು ಮೊದಲು ನೋಡಿಸಿ. ಎಷ್ಟೋ ಸಲ ಒಂದು ಎನಿಮಾದಲ್ಲಿ “ಗತಿ” ಸರಿಹೋಗುತ್ತದೆ.

ಇನ್ನು “ಕರೆಸಿಕೋ” ಎಂಬುದು ಎರಡು ವಾರ ದಾಟಿ ನಿತ್ಯ ಬರುತ್ತಿದ್ದರೆ, ಜೊತೆಗೆ ಊಟ ನಿದ್ದೆ ಬಿಟ್ಟಿದ್ದರೆ, ಇಷ್ಟದ ಹಾಡಿಗೂ ಮುಖ ತಿರುಗಿಸಿದರೆ ಅದನ್ನು ವೈರಾಗ್ಯ ಅಂತ ಗೌರವಿಸಬೇಡಿ, ಖಿನ್ನತೆ ಇರಬಹುದು. ಈ ವಯಸ್ಸಿನಲ್ಲೂ ಔಷಧಕ್ಕೆ ಬಗ್ಗುತ್ತದೆ. ಟೆಲಿ-ಮಾನಸ್ 14416, ಹಿರಿಯರ ಸಹಾಯವಾಣಿ 14567. ಮಾತ್ರೆ ಕೂಡಿಡುತ್ತಿದ್ದಾರಾ ಅಂತ ದಿಂಬಿನ ಕೆಳಗೆ ನೋಡಿ, ಅದೇ ದಿನ ಡಾಕ್ಟರಿಗೆ ಹೇಳಿ.

ಸತ್ಯವೇ_ಲೇಸು
ಒಪ್ಪಿದೆ, ಊರುಗೋಲು ದೊಣ್ಣೆಯ ಮಾತು ಸರಿ. ಒಂದು ಸಣ್ಣ ಪ್ರಶ್ನೆ: ಕೀಲುವಾತದಿಂದ ಬೆರಳು ಸೊಟ್ಟಗಾಗಿ 108 ಮಣಿಯ ಸರ ಎಳೆಯಲು ಆಗದವರಿಗೆ?

ಪಂಚಾಂಗ_ಕಟ್ಟು
27 ಮಣಿಯ ಸರ ಮಾಡಿಸಿ, ನಾಲ್ಕು ಸುತ್ತಿಗೆ 108. ಮಣಿ ಬಟಾಣಿಗಿಂತ ದಪ್ಪ, ನಡುನಡುವೆ ಗಂಟು ಹಾಕಿಸಿ, ಆಗ ಒಂದೊಂದೇ ಸಿಗುತ್ತದೆ. ದಾರ ನೈಲಾನ್ ಬೇಡ, ಮಣಿಕಟ್ಟಿನ ತೆಳು ಚರ್ಮ ಕೊಯ್ಯುತ್ತದೆ, ಹತ್ತಿಯದು ಹಾಕಿ.

ಘಟಪ್ರಭಾ
ಆ ಜಪದ ಸರ ರಾತ್ರಿ ಕೊರಳಾಗ ಬಿಡಬ್ಯಾಡ್ರಿ ಮತ್ತ, ಮಗ್ಗಲಾ ಬದಲಿಸೂವಾಗ ಮಣಿ ಬೆನ್ನಿನ ಕೆಳಗ ಸಿಕ್ಕರ ಮುಂಜಾನಿಗೆ ಅಲ್ಲೇ ಹುಣ್ಣು. ಮಂಚದ ಕಂಬಿಗೆ ಒಂದು ಸಣ್ಣ ಗೋಮುಖ ಚೀಲ ಕಟ್ಟಿ ಅದರಾಗ ಇಡ್ರಿ. ಅವರ ಕೈಗೆ ಎಟಕೂವಂಗ.